ಟ್ಯಾಂಕಿಗೆ ಕಿವಿಗೊಟ್ಟ ಪಿಳ್ಳಣ್ಣ

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಏನಾದರೂ ಕಡಿಮೆಯಾದರೆ ನೀವು ಮೊದಲು ಯಾರ ಮುಖ ನೋಡುತ್ತೀರಿ? ನಿಮ್ಮ ಉತ್ತರ ನನಗೆ ತಿಳಿಯದು. ನನ್ನ ಉತ್ತರ ಏನಾಗಿತ್ತೆಂದು ಮಾತ್ರ ನನಗೆ ಗೊತ್ತು, ಏಕೆಂದರೆ ಚಿಂತಾಮಣಿಯ ಮೆಕ್ಯಾನಿಕ್ ಪಿಳ್ಳಣ್ಣ ಅದನ್ನು ನಡುರಸ್ತೆಯಲ್ಲಿ ನನ್ನ ಬಾಯಿಂದಲೇ ಹೊರಡಿಸಿದರು.

ಪಿಳ್ಳಣ್ಣನವರನ್ನು ನೆನೆದಾಗ ಕಣ್ಣಿಗೆ ಕಟ್ಟುವುದು ಅವರು ಕಿವಿಗೊಡುವ ಭಂಗಿ. ಎತ್ತರದ ಒಣಕಲು ಮನುಷ್ಯ. ಯಾವ ಹಳೆಯ ಗಾಡಿ ಬಂದರೂ ಬಾನೆಟ್ಟಿಗೆ ಕೈ ಹಾಕುತ್ತಿರಲಿಲ್ಲ. ಮೊದಲು ಪೆಟ್ರೋಲ್ ಟ್ಯಾಂಕಿನ ಬಳಿ ಮೂರು ಮಡಿಕೆಯಾಗಿ ಬಾಗಿ ತಗಡಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಶಿಡ್ಲಘಟ್ಟ ರಸ್ತೆಯ ಅವರ ತಗಡಿನ ಅಂಗಡಿಯಲ್ಲಿದ್ದುದು ಒಂದೇ ಚಿತ್ರ, ಬುದ್ಧನದು. ಅದರ ಮೂಲೆಯಲ್ಲಿ ಪಿಳ್ಳಣ್ಣನವರ ಹೆಬ್ಬೆರಳಿನ ಕಪ್ಪು ಗುರುತಿತ್ತು. ಬೇರೆ ದೇವರ ಪಟ ಯಾಕಿಲ್ಲವೆಂದು ಗಿರಾಕಿಗಳು ಕೇಳಿದರೆ, "ಒಬ್ರು ಸಾಕು ಕಣಪ್ಪ. ಇವ್ರು ಕಣ್ಣು ಮುಚ್ಕೊಂಡು ಕೇಳಿಸ್ಕೊತಾವ್ರೆ. ಕೆಲಸದಾಗೆ ನಾನೂ ಹಂಗೇ" ಎನ್ನುತ್ತಿದ್ದರು.

ಒಮ್ಮೆ ನಂದಿಯ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ಹಳೆಯ ಕಾರನ್ನು ತಂದು, "ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡು, ಬೇಗ" ಎಂದರು. ಪಿಳ್ಳಣ್ಣ ಏಳಲೇ ಇಲ್ಲ. "ಔಷಧಿ ನೀವೇ ಬರ್ಕೊಂಡು ಬಂದಿದೀರ. ಕಾಯಿಲೆ ಏನು ಅಂತ ಹೇಳ್ಲೇ ಇಲ್ಲ" ಎಂದರು. ಆಮೇಲೆ ಒಂದು ಗಾಜಿನ ಸೀಸೆಯಲ್ಲಿ ಟ್ಯಾಂಕಿನ ಪೆಟ್ರೋಲು ಹಿಡಿದು ಕಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಸೀಸೆಯ ತಳದಲ್ಲಿ ನೀರು ಬೇರೆಯಾಗಿ ನಿಂತಿತು. ಟ್ಯಾಂಕಿನ ಮುಚ್ಚಳ ಕಳೆದುಹೋಗಿದ್ದರಿಂದ ಆ ಮನುಷ್ಯ ಅದರ ಬಾಯಿಗೆ ಬಟ್ಟೆ ತುರುಕಿದ್ದರು. ಮಳೆಯ ನೀರು ಬಟ್ಟೆಯನ್ನು ದಾಟಿ ಒಳಗಿಳಿದಿತ್ತು. ಅವರು ಪೆಟ್ರೋಲ್ ಬಂಕಿನವನನ್ನು ಬೈಯಲು ತಯಾರಾಗಿಯೇ ಬಂದಿದ್ದರು. ಬೈಗುಳ ಬಾಯಲ್ಲೇ ಉಳಿಯಿತು.

ನಾನು ಪಿಳ್ಳಣ್ಣನವರನ್ನು ಕಂಡಿದ್ದು ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು. ನಾವು ಕೆಲವು ಗೆಳೆಯರು ಸೇರಿ ಹಳೆಯ ಪೆಟ್ರೋಲ್ ಜೀಪೊಂದರಲ್ಲಿ ಹಳ್ಳಿಗಳಿಗೆ ಪುಸ್ತಕ ಒಯ್ಯುವ ಸಂಚಾರಿ ಗ್ರಂಥಾಲಯ ನಡೆಸುತ್ತಿದ್ದೆವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಹುಮಾನಗಳ ಬಲದಿಂದ ನಾನು ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಜೀಪು ಓಡಿಸುತ್ತಿದ್ದವರು ಮಂಡಿಕಲ್ ಕಡೆಯ ದಲಿತ ಕಾಲೋನಿಯ ನಾರಾಯಣಸ್ವಾಮಿ. ಪುಸ್ತಕಗಳನ್ನು ಓದುಗರಿಗೆ ಕೊಡುವ ಮುನ್ನ ತಾವೇ ಓದಿ ಮುಗಿಸುತ್ತಿದ್ದ ಚಾಲಕ. ನಮ್ಮ ಪೆಟ್ಟಿಗೆಗಳ ತುಂಬ ಸಮಾನತೆಯ ಪುಸ್ತಕಗಳಿದ್ದವು. ಸಮಿತಿಯಲ್ಲಿ ಮಾತ್ರ ಕಾಲೋನಿಯವರು ಒಬ್ಬರೂ ಇರಲಿಲ್ಲ.

ಪೆಟ್ರೋಲು ಬೇಗ ಮುಗಿಯುತ್ತಿದೆ ಎಂದು ಅಧ್ಯಕ್ಷರು ಒಂದು ದಿನ ಅಂದರು. ಜೀಪಿಗೆ ವಯಸ್ಸಾಗಿದೆ ಎಂದು ಯಾರಿಗೂ ತೋಚಲಿಲ್ಲ. ನಾನು ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿದೆ. ಬೀಗದ ಕೈ ನನ್ನ ಜೇಬು ಸೇರಿತು. ಪುಸ್ತಕಗಳಿಗೆ ಪೆಟ್ರೋಲಿನ ವಾಸನೆ ಹತ್ತುತ್ತದೆಂಬ ದೂರಿತ್ತು. ಅದಕ್ಕಾಗಿ ಸೈಕಲ್ ಟ್ಯೂಬಿನಿಂದ ದುಂಡನೆಯ ರಬ್ಬರು ಕತ್ತರಿಸಿ ಮುಚ್ಚಳದ ಒಳಗೆ ಬಿಗಿಯಾಗಿ ಕೂರಿಸಿದೆ. ಆ ಕೆಲಸವನ್ನು ನಾನೇ ನನ್ನ ಕೈಯಾರೆ ಮಾಡಿದೆ, ಹೆಮ್ಮೆಯಿಂದ.

ಅದಾದ ಮೇಲೆ ಜೀಪು ದಾರಿಯಲ್ಲಿ ನಿಲ್ಲತೊಡಗಿತು. ಅರ್ಧ ಗಂಟೆ ನಿಂತು ತಾನೇ ಹೊರಡುತ್ತಿತ್ತು. ಚಿಕ್ಕಬಳ್ಳಾಪುರದ ಇಬ್ಬರು ಮೆಕ್ಯಾನಿಕರು ಕಾರ್ಬುರೇಟರ್, ಪಂಪು ಎಲ್ಲ ಬಿಚ್ಚಿ ನೋಡಿ, ದೋಷವಿಲ್ಲವೆಂದರು. ಅಷ್ಟರಲ್ಲಿ ಯಾರೋ, ನಾರಾಯಣಸ್ವಾಮಿ ರಸ್ತೆಬದಿಯಲ್ಲಿ ಪೈಪು ಕಳಚಿ ಡಬ್ಬಿ ಹಿಡಿದಿದ್ದನ್ನು ಕಂಡೆವೆಂದರು. ಪೆಟ್ರೋಲು ಬರುತ್ತಿದೆಯೇ ಎಂದು ನೋಡುತ್ತಿದ್ದೆ ಎಂಬುದು ಅವರ ಉತ್ತರ. ಟ್ಯಾಂಕು ತುಂಬಿದ ದಿನವೇ ಜೀಪು ಬೇಗ ನಿಲ್ಲುತ್ತದೆ ಎಂದೂ ಹೇಳಿದರು. ಸಮಿತಿಯ ಎದುರು ನಾನು ಎದ್ದು ನಿಂತು ದೂರು ಓದಿದೆ. ಪೆಟ್ರೋಲು ಹೆಚ್ಚಿದ್ದಾಗ ಗಾಡಿ ಬೇಗ ನಿಲ್ಲುವುದು ತರ್ಕಕ್ಕೆ ವಿರುದ್ಧವಾದ್ದರಿಂದ, ನಿಲ್ಲುವುದು ನಾಟಕ, ಉದ್ದೇಶ ಕಳ್ಳತನ ಎಂದು ಸಾಧಿಸಿದೆ. ಚಪ್ಪಾಳೆ ಬಿತ್ತು. ನಾರಾಯಣಸ್ವಾಮಿ ಬಾಗಿಲ ಬಳಿ ನಿಂತಿದ್ದರು.

ಅವರನ್ನು ಕೆಲಸದಿಂದ ತೆಗೆಯಲು ಒಂದು ಕಾಗದ ಬೇಕಿತ್ತು. "ವಾಹನದಲ್ಲಿ ಯಾವ ದೋಷವೂ ಇಲ್ಲ" ಎಂದು ಟೈಪು ಮಾಡಿಸಿ, ಹೊರಗಿನ ಮೆಕ್ಯಾನಿಕ್ ಸಹಿ ಇರಲೆಂದು ಚಿಂತಾಮಣಿಗೆ ಹೊರಟೆ. ಜೀಪು ಓಡಿಸಿದವರು ನಾರಾಯಣಸ್ವಾಮಿಯೇ.

ಪಿಳ್ಳಣ್ಣ ಕಾಗದ ಓದಿ, ಮಡಚಿ, ನನಗೇ ಹಿಂತಿರುಗಿಸಿದರು.

"ಇದು ನೀವು ಹೇಳಿದ್ದು. ಗಾಡಿ ಇನ್ನೂ ಏನೂ ಹೇಳಿಲ್ವಲ್ಲ ಸಾರ್."

"ಇಬ್ಬರು ಮೆಕ್ಯಾನಿಕರು ನೋಡಿದ್ದಾರೆ."

"ಅವ್ರ ಕೈಲೇ ಸೈನ್ ಹಾಕಿಸ್ಕೊಳ್ಳಿ ಮತ್ತೆ."

ಬಿಸಿಯಾದಾಗ ನಿಲ್ಲುತ್ತೋ, ತಣ್ಣಗಿದ್ದಾಗಲೋ ಎಂದು ಅವರು ಕೇಳಿದರು. ನಾನು ಉತ್ತರ ಕೊಟ್ಟೆ. ಏರಿನಲ್ಲೋ ಇಳಿಜಾರಿನಲ್ಲೋ ಎಂದರು. ಅದಕ್ಕೂ ನಾನೇ ಬಾಯಿ ತೆರೆದೆ.

"ಗಾಡಿ ನೀವು ಓಡಿಸ್ತೀರಾ ಸಾರ್?"

"ಇಲ್ಲ."

"ಹಂಗಾದ್ರೆ ಸುಮ್ನಿರಿ." ನಾರಾಯಣಸ್ವಾಮಿಯ ಕಡೆ ತಿರುಗಿ ದನಿ ಇಳಿಸಿ, ತೆಲುಗಿಗೆ ಹೊರಳಿದರು. "ನುವ್ವು ಚೆಪ್ಪು ನಾಯ್ನಾ. ನೀನು ಹೇಳಪ್ಪ."

"ಟ್ಯಾಂಕು ಫುಲ್ ಮಾಡ್ಸಿದ್ ದಿನ ಬೇಗ ನಿಲ್ತದೆ ಅಣ್ಣ. ಅರ್ಧ ಇದ್ರೆ ಇನ್ನೊಂದಷ್ಟು ದೂರ ಹೋಗ್ತದೆ. ಹೇಳಿದ್ರೆ ಯಾರೂ ನಂಬಲ್ಲ."

ಪಿಳ್ಳಣ್ಣ ಕೈ ಒರೆಸಿಕೊಂಡು ಎದ್ದರು. "ನಾನು ನಂಬ್ತೀನಿ. ನಡೀರಿ, ಫುಲ್ ಮಾಡ್ಸಣ."

ಪಿಳ್ಳಣ್ಣ ಸ್ಕ್ರೂಡ್ರೈವರು, ಸ್ಪ್ಯಾನರು ಹೊಂದಿಸಿಕೊಂಡು ಅಂಗಡಿ ಮುಚ್ಚುವಷ್ಟರಲ್ಲಿ ನಾವಿಬ್ಬರೂ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಬಂದೆವು. ಮೂವರೂ ಅಂಬಾಜಿದುರ್ಗದ ಕಡೆ ಹೊರಟೆವು. ಬೆಟ್ಟದ ಬುಡದ ಏರಿನಲ್ಲಿ ಜೀಪು ಎರಡು ಸಲ ಬಿಕ್ಕಿ ನಿಂತಿತು. ನಾರಾಯಣಸ್ವಾಮಿ ಬಾನೆಟ್ಟಿನತ್ತ ಹೋಗಲು ಇಳಿದರು. ಪಿಳ್ಳಣ್ಣ ಬೇಡವೆಂದು ಕೈಯಾಡಿಸಿ, ಟ್ಯಾಂಕಿನ ಮುಚ್ಚಳಕ್ಕೆ ಕಿವಿಯಿಟ್ಟರು.

"ತೆಗಿ ಇದನ್ನ."

"ಕೀ ನನ್ ಹತ್ರ ಇಲ್ಲ ಅಣ್ಣ. ಸಾರ್ ಹತ್ರ ಐತೆ."

ಪಿಳ್ಳಣ್ಣ ನನ್ನ ಕಡೆ ತಿರುಗಿದರು. ನಾನು ಬೀಗ ತೆಗೆದೆ. ಬುಸ್ಸೆಂದು ಗಾಳಿ ಒಳನುಗ್ಗಿತು, ಟ್ಯಾಂಕಿನ ತಗಡು ಟಣ್ಣೆಂದಿತು. ನಾರಾಯಣಸ್ವಾಮಿ ಒಂದೆರಡು ಸಲ ಸೆಲ್ಫ್ ಹೊಡೆದರು. ಜೀಪು ಹೊರಟಿತು.

"ಪೆಟ್ರೋಲು ಆಚೆ ಹೋದಂಗೆಲ್ಲ ಅಷ್ಟೇ ಗಾಳಿ ಒಳಕ್ಕೆ ಬರ್ಬೇಕು ಸಾರ್. ಬರ್ಲಿಲ್ಲ ಅಂದ್ರೆ ಪಂಪು ಎಷ್ಟು ಎಳೆದ್ರೂ ಟ್ಯಾಂಕು ಬಿಟ್ಟುಕೊಡಲ್ಲ. ಫುಲ್ ಟ್ಯಾಂಕಿನಾಗೆ ಗಾಳಿಗೆ ಜಾಗಾನೇ ಕಮ್ಮಿ, ಅದಕ್ಕೆ ಬೇಗ ಉಸಿರು ಕಟ್ತದೆ. ಅರ್ಧ ಗಂಟೆ ಬಿಟ್ರೆ ಸಂದಿಯಿಂದ ಒಂಚೂರು ಗಾಳಿ ಇಳೀತದೆ, ಹೊರಡ್ತದೆ." ಅವರು ಮುಚ್ಚಳದೊಳಗಿನ ರಬ್ಬರನ್ನು ಸ್ಕ್ರೂಡ್ರೈವರಿನಿಂದ ಕಿತ್ತರು. ಅದರ ಹಿಂದೆ ಸೂಜಿ ತೂರುವಷ್ಟು ಒಂದು ತೂತಿತ್ತು. "ಗಾಳಿಗೆ ಅಂತ ಬಿಟ್ಟಿರೋ ತೂತು. ಇದನ್ನ ಮುಚ್ಚಿದ್ದು ಯಾರು?"

"ನಾನು."

"ಯಾಕೆ?"

ವಾಸನೆಯ ಕಾರಣ ನಾಲಗೆಯ ತುದಿಯಲ್ಲಿತ್ತು. ಆದರೆ ನಾರಾಯಣಸ್ವಾಮಿ ನಮ್ಮ ಮುಂದೆಯೇ ನಿಂತಿದ್ದರು. "ಇವರ ಮೇಲೆ ಅನುಮಾನವಿತ್ತು. ಬೀಗ ಹಾಕಿಸಿದೆ. ರಬ್ಬರು ಆಮೇಲೆ" ಎಂದೆ.

"ಕೀ ನನ್ ಕೈಲಿ ಇದ್ದಿದ್ರೆ ಮೊದಲ್ನೇ ದಿನಾನೇ ತೆಗೆದು ನೋಡ್ತಿದ್ದೆ ಸಾರ್" ಎಂದಷ್ಟೇ ನಾರಾಯಣಸ್ವಾಮಿ ಹೇಳಿದರು.

ಬಂಕಿನಲ್ಲಿ ಬೀಗ ತೆಗೆದಾಗಲೆಲ್ಲ ಆ ಬುಸ್ಸೆಂಬ ಸದ್ದನ್ನು ನಾನೂ ಕೇಳಿದ್ದೆ. ಏನೆಂದು ಯಾರನ್ನೂ ಕೇಳಿರಲಿಲ್ಲ.

ನನ್ನ ಟೈಪು ಮಾಡಿದ ಕಾಗದದ ಹಿಂಬದಿಯಲ್ಲಿ ಪಿಳ್ಳಣ್ಣ ಓರೆ ಅಕ್ಷರಗಳಲ್ಲಿ ಬರೆದರು: "ಕಾರ್ಯದರ್ಶಿ ಹಾಕಿಸಿದ ಮುಚ್ಚಳದಲ್ಲಿ ದೋಷ ಇತ್ತು. ಡ್ರೈವರ್ ಹೇಳಿದ ಪ್ರತಿ ಮಾತೂ ನಿಜ." 'ಕಾರ್ಯದರ್ಶಿ' ಎಂಬ ಪದವನ್ನು ಬಿಡಬಹುದೇ ಎಂದು ನಾನು ಕೇಳಿದೆ. ಕೇಳಿದೆ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

"ದೂರು ಎಷ್ಟು ಜನದ ಮುಂದೆ ಓದಿದ್ರಿ?"

"ಸಮಿತಿಯ ಎಲ್ಲರ ಮುಂದೆ."

"ಅಷ್ಟೂ ಜನದ ಮುಂದೆ ಇದನ್ನೂ ಓದಿ. ನಾನು ಬಂದು ನಿಂತ್ಕೊತೀನಿ."

ಹೇಳಿದಂತೆ ಬಸ್ಸು ಹತ್ತಿ ಬಂದರು, ಎಣ್ಣೆ ಕಲೆಯ ಅಂಗಿಯಲ್ಲೇ. ಸಭೆ ಶುರುವಾಗುವ ಮುನ್ನ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, "ಗಾಡಿ ಸರಿಹೋಯ್ತಲ್ಲ, ಬಿಡ್ರಿ. ಅವನ ಮುಂದೆ ನೀವು ತಲೆ ತಗ್ಗಿಸಿದ್ರೆ ನಾಳೆ ಯಾರು ನಮ್ಮ ಮಾತು ಕೇಳ್ತಾರೆ?" ಎಂದರು. ಪಿಳ್ಳಣ್ಣನವರಿಗೆ ಅದು ಕೇಳಿಸಿತು. ಕುರ್ಚಿ ಕೊಟ್ಟರೆ ಕೂರಲಿಲ್ಲ. "ಕೂತ್ಕೊಳ್ಳೋಕೆ ಬಂದಿಲ್ಲ ಸ್ವಾಮಿ. ಓದಿದ ಮೇಲೆ ಹೋಗ್ತೀನಿ. ಓದ್ಲಿಲ್ಲ ಅಂದ್ರೆ ನಾನೇ ಓದ್ತೀನಿ, ನನಗೂ ಅಕ್ಷರ ಬರ್ತದೆ" ಎಂದರು.

ನಾನು ಓದಿದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಬೀಗದ ಕೈಯನ್ನು ನಾರಾಯಣಸ್ವಾಮಿಯವರ ಕೈಗಿತ್ತೆ. ಮುಂದಿನ ಸಭೆಯಲ್ಲಿ ಅವರನ್ನು ಸಮಿತಿಗೆ ಸೇರಿಸಬೇಕೆಂದು ಸೂಚಿಸಿದೆ. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ನಾವು ಅದನ್ನು ಅಂಗೀಕರಿಸಿದೆವು.

ಆಮೇಲೆ ಚಿಂತಾಮಣಿಯಲ್ಲಿ ಎಲ್ಲಿ ಸಿಕ್ಕರೂ ಪಿಳ್ಳಣ್ಣನವರ ಮೊದಲ ಪ್ರಶ್ನೆ ಒಂದೇ: "ಕೀ ಯಾರ ಹತ್ರ ಐತೆ ಸಾರ್?" ಕೊನೆಯ ಸಲ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಅವರ ಕಣ್ಣು ಮಂಜಾಗಿತ್ತು. ನನ್ನನ್ನು ದನಿಯಿಂದ ಗುರುತಿಸಿ ಅದನ್ನೇ ಕೇಳಿದರು. "ನಾರಾಯಣಸ್ವಾಮಿ ಹತ್ರ" ಎಂದೆ. "ಹಂಗಿರ್ಲಿ" ಎಂದು ಬಸ್ಸು ಹತ್ತಿದರು. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ. ಪೆಟ್ರೋಲಿಗೆ ಉಬ್ಬಿ ಗಟ್ಟಿಯಾದ ಆ ರಬ್ಬರಿನ ತುಂಡು ನನ್ನ ಮೇಜಿನ ಮೇಲಿದೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ಪುರಾವೆಯಿಲ್ಲದೆ ನೀವು ಯಾರ ಮೇಲಾದರೂ ಕಳವಿನ ಮಾತಾಡಿದ್ದರೆ, ಈ ವಾರವೇ ಅದನ್ನು ಹಿಂತೆಗೆದುಕೊಳ್ಳಿ. ಅಂದು ಕೇಳಿಸಿಕೊಂಡ ಅಷ್ಟೂ ಜನರ ಮುಂದೆ, ನಿಂತು.