ತೊಟ್ಟಿಯ ಕೆಳಗಿನ ಚಾಪೆ

ಅಂಟಕ್ಕನಿಗೆ ಎಲ್ಲದಕ್ಕೂ ಭಯ. ಮನೆಗೆ ಬೀಗ ಹಾಕಿ ಅರ್ಧ ದಾರಿ ಬಂದಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಓಡುವವಳು. ಲಿಫ್ಟ್ ಹತ್ತುವುದಿಲ್ಲ. ಮೊಮ್ಮಗಳು ಪುಟ್ಟಿ ಕೆಮ್ಮಿದರೆ ತನ್ನ ಎದೆ ಮುಟ್ಟಿಕೊಳ್ಳುತ್ತಾಳೆ. "ನಿಮ್ಮಮ್ಮ ತನ್ನ ನೆರಳಿಗೂ ದಾರಿ ಬಿಟ್ಟು ನಿಲ್ತಾಳೆ" ಎಂದು ಗಂಡ ಮಗಳ ಮುಂದೆ ಆಡಿಕೊಳ್ಳುತ್ತಾನೆ. ಆದರೂ ಅಕ್ರಿಲಿಕ್ ಮೀನಿನ ತೊಟ್ಟಿ ಸೋರಿದರೆ ಊರಿನ ಮೀನಿನಂಗಡಿಗಳು ಕೊಡುವುದು ಅವಳ ಫೋನ್ ನಂಬರನ್ನೇ. ಇಷ್ಟು ಹೆದರುವವಳು ಕೈಗೆ ಬಂದಂತೆ ಕೆಲಸ ಮಾಡಲಾರಳು ಎಂಬ ನಂಬಿಕೆ ಅವರದು.

ಅವಳು ಈ ವಿದ್ಯೆ ಕಲಿತದ್ದು ಬೋರ್ಡು ಮಾಡುವ ಅಂಗಡಿಯಲ್ಲಿ, ಅಕ್ರಿಲಿಕ್ ಹಾಳೆಯಿಂದ ಅಕ್ಷರ ಕೊಯ್ದು ಅಂಟಿಸುತ್ತಾ. ಆ ಅಂಟು ಗೋಂದಿನ ಹಾಗೆ ಮಂದವಾಗಿರುವುದಿಲ್ಲ, ನೀರಿನಷ್ಟು ತೆಳು. ಸಿರಿಂಜಿನ ಸೂಜಿಯಿಂದ ಸಂದಿಗೆ ಹನಿ ತೋರಿಸಿದರೆ ಸಾಕು, ತಾನೇ ಒಳಗೆ ಓಡಿ ಎರಡೂ ತುಂಡನ್ನು ಕರಗಿಸಿ ಒಂದು ಮಾಡುತ್ತದೆ. ಅಂಗಡಿಯ ಯಜಮಾನ ಅದೇ ಅಂಟಿನಿಂದ ತನಗೊಂದು ಮೀನಿನ ತೊಟ್ಟಿ ಮಾಡಿಕೊಂಡಿದ್ದ. ಒಂದು ಮಧ್ಯಾಹ್ನ ಅದು ಬಾಯಿ ಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವಳು ಆಗಷ್ಟೇ ಎದ್ದುಹೋಗಿದ್ದ ಮರದ ಕುರ್ಚಿಯನ್ನು ನೀರು ಎದುರಿನ ಗೋಡೆಯವರೆಗೆ ನೂಕಿ ಅದರ ಕಾಲು ಮುರಿದಿತ್ತು. ಅಂದಿನಿಂದ ತುಂಬಿದ ತೊಟ್ಟಿ ಕಂಡರೆ ಅವಳ ಕಣ್ಣಿಗೆ ಮೀನಿಗಿಂತ ಮೊದಲು ನೀರಿನ ಭಾರ ಕಾಣುತ್ತದೆ.

ಪುಟ್ಟಿ ಹಗಲು ಹೊತ್ತು ಇರುವ ಶಿಶುವಿಹಾರದಿಂದಲೇ ಕರೆ ಬಂದಾಗ ಅವಳು ಕೆಲಸ ಏನೆಂದು ಕೇಳುವ ಮೊದಲು ಪುಟ್ಟಿ ಹೇಗಿದ್ದಾಳೆಂದು ಕೇಳಿದಳು. ಅಲ್ಲಿ ಮಕ್ಕಳು ಮಲಗುವ ಕೋಣೆಯಲ್ಲಿ, ಗೋಡೆಗೆ ತಾಗಿಸಿದ ಕಪಾಟಿನ ಮೇಲೆ ಉದ್ದನೆಯ ತೊಟ್ಟಿ. ಅದರ ಬುಡದಲ್ಲೇ ಸಾಲಾಗಿ ಚಾಪೆಗಳು. ಮೀನು ನೋಡುತ್ತಾ ಮಕ್ಕಳು ಬೇಗ ನಿದ್ದೆ ಹೋಗುತ್ತಾರೆ ಎಂಬುದು ಶಿಶುವಿಹಾರ ನಡೆಸುವ ಮೇಡಂ ಕಂಡುಕೊಂಡ ಉಪಾಯ. ಮೊದಲನೇ ಚಾಪೆ ಪುಟ್ಟಿಯದು. ಅದಕ್ಕಾಗಿ ಅವಳು ಇನ್ನೊಂದು ಹುಡುಗಿಯನ್ನು ಕಚ್ಚಿದ್ದಳು.

ರಾತ್ರಿಯಿಡೀ ಸೋರಿ ತೊಟ್ಟಿ ಖಾಲಿಯಾಗಿತ್ತು, ಮೀನೊಂದೂ ಉಳಿದಿರಲಿಲ್ಲ. ಬಲಗಡೆಯ ಮೂಲೆಯ ಬೆಸುಗೆಯಲ್ಲಿ ಕೂದಲಿನಂಥ ಬಿರುಕು, ಅದರ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಗೆರೆಗಳು. ಅಂಟಕ್ಕ ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿದಳು.

"ಯಾವುದರಲ್ಲಿ ಒರೆಸ್ತೀರಿ ಇದನ್ನ?"

ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಸೆರಗಿನ ತುದಿ ಸುತ್ತಿಕೊಳ್ಳುತ್ತಾ, "ಸ್ಪಿರಿಟ್ಟಲ್ಲಿ. ಫಳಫಳ ಹೊಳೀಲಿ ಅಂತ" ಎಂದಳು.

"ಗಾಜಿಗಾದ್ರೆ ಸರಿ ಆಯಮ್ಮ. ಇದು ಪ್ಲಾಸ್ಟಿಕ್ಕಿನ ಜಾತಿ. ಸ್ಪಿರಿಟ್ ತಾಗಿದ್ರೆ ಹೀಗೇ ಬಿರಿಯುತ್ತೆ."

"ಕೇಳಿಸ್ತಾ?" ಎಂದರು ಮೇಡಂ. ಆಯಮ್ಮ ಆ ದಿನ ಮತ್ತೆ ಆ ಕೋಣೆಗೆ ಬರಲಿಲ್ಲ. ಕಳ್ಳ ಸಿಕ್ಕಮೇಲೆ ಇನ್ನೊಬ್ಬನನ್ನು ಯಾರು ಹುಡುಕುತ್ತಾರೆ? ಅಂಟಕ್ಕನೂ ಹುಡುಕಲಿಲ್ಲ.

ಅವಳು ತೊಟ್ಟಿಯನ್ನು ನೆಲಕ್ಕಿಳಿಸಿ ಒಣಗಿಸಿ, ಬಿರುಕಿಗೆ ಅಂಟು ಕುಡಿಸಿದಳು. ಎಲ್ಲಾದರೂ ಗುಳ್ಳೆ ಉಳಿಯಿತೇ ಎಂದು ಟಾರ್ಚಿನಲ್ಲಿ ಮತ್ತೆ ಮತ್ತೆ ನೋಡಿದಳು. ಮೂಲೆಯ ಒಳಗಡೆ ಉದ್ದಕ್ಕೂ ಅಕ್ರಿಲಿಕ್ಕಿನ ಒಂದು ಪಟ್ಟಿ ಕೂರಿಸಿದಳು. ಅಂಟು ಗಟ್ಟಿಯಾಗುವವರೆಗೆ ಬಿಟ್ಟು, ತೊಟ್ಟಿಯನ್ನು ಕಪಾಟಿನ ಮೇಲೇರಿಸಿ, ನೀರು ತುಂಬಿಸಿ ಫಿಲ್ಟರ್ ಓಡಿಸಿದಳು. ಮಕ್ಕಳ ಚಾಪೆಗಳು ಆಚೆ ಕೋಣೆಗೆ ಹೋದವು. ವಾರಗಟ್ಟಲೆ ನೀರು ನಿಂತಿತು. ಮೂಲೆಯ ಕೆಳಗೆ ಹಾಸಿದ ಕಾಗದ ಒದ್ದೆಯಾಗಲಿಲ್ಲ. ಭಯ ಮಾತ್ರ ನಿಂತಲ್ಲೇ ನಿಂತಿತ್ತು.

ಮೀನು ಆರಿಸಲು ಮೇಡಂ ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಅವರಿಗೆ ಅಂಗೈಯಗಲದ ಗೋಲ್ಡ್‌ಫಿಶ್ ಬೇಕಿತ್ತು, ಪಾಚಿ ತಿನ್ನಲು ಸಕ್ಕರ್ ಮೀನು ಬೇಕಿತ್ತು.

"ಗೋಲ್ಡ್‌ಫಿಶ್ ಗಲೀಜು ಜಾಸ್ತಿ ಮಾಡುತ್ತೆ ಮೇಡಂ. ಗಲೀಜಾದಷ್ಟೂ ಒರೆಸ್ತೀರಿ, ಒರೆಸಿದಷ್ಟೂ ಗೀರು ಬೀಳುತ್ತೆ. ಸಕ್ಕರ್ ಈಗ ಬೆರಳುದ್ದ ಇದೆ, ಆಮೇಲೆ ಮೊಳದುದ್ದ ಆಗುತ್ತೆ. ಅದೂ ಕೆರೆಯೋ ಪ್ರಾಣಿನೇ."

"ಹಾಗಾದ್ರೆ ಮಕ್ಕಳಿಗೆ ಏನು ತೋರಿಸ್ಲಿ, ಬರೀ ನೀರನ್ನಾ?"

"ಸಣ್ಣವು ತಗೊಳ್ಳಿ. ಗುಂಪಾಗಿ ಓಡಾಡೋ ಟೆಟ್ರಾ. ಬಣ್ಣಕ್ಕೆ ಗಪ್ಪಿ. ಅಣ್ಣಾ, ಗಪ್ಪಿ ಬರೀ ಗಂಡು ಕೊಡಿ."

"ಹೆಣ್ಣು ಯಾಕೆ ಬೇಡಕ್ಕಾ?" ಎಂದ ಮೀನಿನಂಗಡಿಯವನು.

"ಮರಿ ಹಾಕ್ತಾನೇ ಇರುತ್ತೆ. ಮೇಡಂ ಇನ್ನೊಂದು ಶಿಶುವಿಹಾರ ತೆಗೀಬೇಕಾಗುತ್ತೆ."

ಮೇಡಂ ನಕ್ಕರು. ತಾನು ಹೇಳಿದ ಜೋಕಿಗೆ ತಾನು ನಗುವಷ್ಟು ನಿರಾಳ ಅಂಟಕ್ಕನಿಗೆ ಇರಲಿಲ್ಲ.

ಮೀನಿನ ಚೀಲಗಳು ತೊಟ್ಟಿಯ ನೀರಿನ ಮೇಲೆ ತೇಲುತ್ತಿದ್ದವು. ಒಳಗಿನ ನೀರು ಹೊರಗಿನದಕ್ಕೆ ಹೊಂದಿಕೊಳ್ಳಲೆಂದು ಕಾಯುತ್ತಿದ್ದರು. ಮಾರನೆಯ ದಿನ ಚಾಪೆಗಳು ಹಿಂತಿರುಗಬೇಕು. ಕೈ ಸುಮ್ಮನಿರದೆ ಅಂಟಕ್ಕ ಪರ್ಸಿನಲ್ಲಿದ್ದ ಬಸ್ ಟಿಕೆಟ್ ತೆಗೆದು, ರಿಪೇರಿ ಮಾಡಿದ ಮೂಲೆಯ ಅಡಿಗೆ ತೂರಿಸಿ ನೋಡಿದಳು. ಅಷ್ಟು ನೀರಿನ ಭಾರ ಹೊತ್ತ ತಳ ಕಪಾಟಿನ ಹಲಗೆಗೆ ಕಚ್ಚಿಕೊಂಡಿರಬೇಕು, ಕೂದಲೂ ತೂರಬಾರದು. ಟಿಕೆಟ್ ಅರ್ಧದವರೆಗೆ ಸಲೀಸಾಗಿ ಒಳಗೆ ಹೋಯಿತು.

ಅವಳು ಬಗ್ಗಿ ಹಲಗೆಯನ್ನು ಸವರಿದಳು. ಫಿಲ್ಟರ್ ಪೈಪಿನ ಬಳಿ ವರ್ಷಗಳಿಂದ ಹನಿ ಬಿದ್ದು ಹಲಗೆ ಹಪ್ಪಳದಂತೆ ಉಬ್ಬಿತ್ತು. ತೊಟ್ಟಿಯ ತಳ ಆ ಉಬ್ಬಿನ ಮೇಲೆ ಕೂತು, ಉಬ್ಬಿನಾಚೆಯ ಮೂಲೆ ಗಾಳಿಯಲ್ಲಿ ತೂಗುತ್ತಿತ್ತು. ಸ್ಪಿರಿಟ್ ಗೆರೆ ಎಳೆದಿತ್ತು, ಅಷ್ಟೆ. ಸೀಳಿದ್ದು ಈ ಹಲಗೆ. ಅದರ ಮೇಲೆಯೇ ಅವಳು ಮತ್ತೆ ತೊಟ್ಟಿ ಕೂರಿಸಿ, ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡಿದ್ದಳು.

"ಮೇಡಂ, ನೀರು ಇಳಿಸ್ಬೇಕು. ಈಗಲೇ."

"ಏನಕ್ಕಾ ಇದು? ಒಂದು ಹನಿ ಸೋರಿಲ್ಲ. ನಿಮ್ಮ ಭಯಕ್ಕೆ ನಾನು ಎಷ್ಟು ಸಲ ಪೂಜೆ ಮಾಡ್ಲಿ?"

"ಇದು ಬರೀ ಭಯ ಅಲ್ಲ ಮೇಡಂ. ನೀವೇ ತೂರಿಸಿ ನೋಡಿ."

ಮೇಡಂ ಟಿಕೆಟ್ ತೂರಿಸಿದರು. ಅವರ ಮುಖ ನಿಧಾನವಾಗಿ ಬಣ್ಣಗೆಟ್ಟಿತು. ಬಕೆಟ್ ತರಲು ತಾವೇ ಎದ್ದರು. ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಯಮ್ಮ, ನೀವೂ ಬನ್ನಿ" ಎಂದರು. ಆ ಕರೆಯಲ್ಲಿ ಕ್ಷಮೆ ಎಷ್ಟಿತ್ತೆಂದು ಆಯಮ್ಮ ಅಳೆಯಲಿಲ್ಲ; ಮಗ್ ಹಿಡಿದು ಬಂದು ನೀರು ಮೊಗೆಯತೊಡಗಿದಳು.

ಬಡಗಿ ದಪ್ಪನೆಯ, ನೀರು ತಾಳುವ ಪ್ಲೈವುಡ್ ಹಾಕಿಕೊಟ್ಟ. ಅದರ ಮೇಲೆ ಫೋಮ್ ಹಾಳೆ, ಅದರ ಮೇಲೆ ತೊಟ್ಟಿ. ಮತ್ತೆ ನೀರು, ಮತ್ತೆ ಕಾಯುವುದು. ಟಿಕೆಟ್ ಈಗ ನಾಲ್ಕು ಮೂಲೆಯಲ್ಲೂ ತಲೆ ಚಚ್ಚಿಕೊಂಡು ಮಡಚಿಕೊಂಡಿತು. ಅಷ್ಟು ದಿನ ಬಕೆಟ್ಟಿನಲ್ಲಿ ಪಂಪಿನ ಗಾಳಿ ಗುಳ್ಳೆ ಕುಡಿದುಕೊಂಡಿದ್ದ ಮೀನುಗಳು ತೊಟ್ಟಿಗೆ ಬಂದವು.

ಚಾಪೆಗಳು ಹಿಂತಿರುಗಿದ ಮಧ್ಯಾಹ್ನ ಅಂಟಕ್ಕ, "ಮೊದಲನೇ ಚಾಪೇಲಿ ಇವತ್ತು ನಾನೂ ಮಲಗ್ತೀನಿ" ಎಂದಳು. ಪುಟ್ಟಿ ಜಾಗ ಬಿಟ್ಟುಕೊಡಲು ಒಪ್ಪದೆ, ಕೊನೆಗೆ ಅಜ್ಜಿಯ ತೋಳಿನ ಮೇಲೆ ತಲೆಯಿಟ್ಟು ಮಲಗಿದಳು. ಮೇಲೆ ಟೆಟ್ರಾಗಳು ಒಟ್ಟಿಗೆ ಹೋಗಿ ಒಟ್ಟಿಗೆ ತಿರುಗುತ್ತಿದ್ದವು. ಮಕ್ಕಳ ಉಸಿರು ಒಂದೊಂದಾಗಿ ನಿಧಾನವಾಯಿತು. ಅಂಟಕ್ಕ ಕಣ್ಣು ಮುಚ್ಚಲಿಲ್ಲ. ಪ್ಲೈವುಡ್ ಕಿರ್ ಎಂದಿತೇ? ಇಲ್ಲ, ಅದು ಫ್ಯಾನು. ಕುರ್ಚಿ ನೆನಪಾಯಿತು, ಅದರ ಮುರಿದ ಕಾಲು ನೆನಪಾಯಿತು.

ಆಗ ಸೊಂಟದ ಕೆಳಗೆ ಚಾಪೆ ಒದ್ದೆಯಾಯಿತು.

ಒಮ್ಮೆಲೇ ಅಲ್ಲ, ತಣ್ಣಗೂ ಅಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ಎದ್ದು, ಪಕ್ಕದ ಚಾಪೆಯ ಮಗುವಿನ ಕಾಲು ಹಿಡಿದು ಎಳೆದಳು. "ಮೇಡಂ, ಮಕ್ಕಳನ್ನ ಎತ್ತಿ" ಎಂದು ಕೂಗಿದಳು. ಮೇಡಂ ಓಡಿ ಬಂದರು. ತೊಟ್ಟಿಯ ಹೊರಮೈ ನೋಡಿದರು, ಕಪಾಟು ನೋಡಿದರು. ಎರಡೂ ಒಣಗಿದ್ದವು. ಆಮೇಲೆ ಪುಟ್ಟಿಯ ಫ್ರಾಕು ನೋಡಿದರು.

ಪುಟ್ಟಿ ನಿದ್ದೆಗಣ್ಣಲ್ಲಿ, "ನಾನಲ್ಲ ಅಜ್ಜಿ. ಮೀನು" ಎಂದಳು.

ಮೇಡಂ ಬಾಯಿಗೆ ಕೈ ಅಡ್ಡವಿಟ್ಟುಕೊಂಡರೂ ನಗು ನಿಲ್ಲಲಿಲ್ಲ. "ಈ ಸೋರಿಕೆಗೆ ನಿಮ್ಮ ಹತ್ರ ಅಂಟಿದೆಯಾ ಅಕ್ಕಾ?"

ಎಳೆದ ರಭಸಕ್ಕೆ ಎಚ್ಚರವಾಗಿ ಅಳುತ್ತಿದ್ದ ಪಕ್ಕದ ಮಗುವನ್ನು ಆಯಮ್ಮ ಎತ್ತಿಕೊಂಡಳು. ಅಂಟಕ್ಕ ನೆಲ ಒರೆಸಿದಳು, ಪುಟ್ಟಿಗೆ ಫ್ರಾಕು ಬದಲಿಸಿದಳು, ಬೇರೆ ಚಾಪೆ ತಂದು ಅದೇ ಜಾಗದಲ್ಲಿ ಹಾಸಿದಳು. ಆಮೇಲೆ ಮಡಚಿಹೋಗಿದ್ದ ಟಿಕೆಟ್ಟನ್ನು ಉಗುರಿನಿಂದ ನೆಟ್ಟಗೆ ಮಾಡಿ ಬಲಗಡೆಯ ಮೂಲೆಗೆ ಒತ್ತಿದಳು. ಒಳಗೆ ಹೋಗಲಿಲ್ಲ. ಕಪಾಟಿನ ಆ ತುದಿಗೆ ಹೋಗಿ, ಬಾಗಿ, ಎಡಗಡೆಯ ಮೂಲೆಗೂ ಒತ್ತಿದಳು.