ಸೋರುವ ಮನೆಗೆ ನೀಲಿ ಇಂಕು

ನೀಲಿ ಇಂಕಿನ ಬಾಟಲಿ ಹಿಡಿದು ನಾನು ಮನೆಯ ಹೆಂಚಿನ ಮೇಲೆ ಕೂತಿದ್ದೆ. ಎಂಬತ್ತರ ದಶಕದಲ್ಲಿ ತುರುವೇಕೆರೆ ಕಡೆ ವಿಜ್ಞಾನದ ಮೇಷ್ಟ್ರಾಗಿದ್ದಾಗಿನ ಮಾತು. ನನ್ನ ಬಾಡಿಗೆ ಕೋಣೆಯಲ್ಲಿ ನಾಲ್ಕು ದಿನದಿಂದ ಸರಿಯಾಗಿ ಉತ್ತರಪತ್ರಿಕೆಗಳ ಮೇಲೇ ನೀರು ತೊಟ್ಟಿಕ್ಕುತ್ತಿತ್ತು. ಮಳೆ ನಿಂತರೂ ಅದು ನಿಂತಿರಲಿಲ್ಲ. ಮನೆ ಮಾಲೀಕರು ಗಾರೆಯವನನ್ನು ಬೈದರು, ಗಾರೆಯವನು ಹೆಂಚನ್ನು ಬೈದ. ಎರಡು ಸಲ ಹೆಂಚು ಬದಲಾಯಿಸಿದ್ದೂ ಆಯಿತು. ಕೊನೆಗೆ ನಾನೇ ವಿಜ್ಞಾನವನ್ನು ಏಣಿ ಹತ್ತಿಸಿದೆ. ಇಂಕು ಬೆರೆಸಿದ ನೀರನ್ನು ಮೇಲೆ ಸುರಿದರೆ ಕೆಳಗೆ ನೀಲಿ ಹನಿ ಬೀಳಲೇಬೇಕು.

ಮೂರು ಬಿಂದಿಗೆ ಸುರಿದು ಕೆಳಗಿಳಿದು ನೋಡಿದರೆ, ಬೀಳುತ್ತಿದ್ದ ಹನಿಯಲ್ಲಿ ನೀಲಿಯ ಸುಳಿವೇ ಇಲ್ಲ. "ಹೆಂಚು ಇಂಕನ್ನು ಸೋಸಿಬಿಡುತ್ತದೆ" ಎಂದು ಗಂಭೀರವಾಗಿ ವಿವರಿಸಿದೆ. ಹುಟ್ಟಿದಾಗಿನಿಂದ ತೆಂಗಿನ ತೋಟದಲ್ಲೇ ಬೆಳೆದ ಮಾಲೀಕರೂ ಹೌದೆಂದು ತಲೆಯಾಡಿಸಿದರು.

ಮಜ್ಜಿಗೆ ತಂದಿದ್ದ ಅವರ ತಾಯಿ ಒಂದು ಹನಿಯನ್ನು ಬೆರಳಿಗೆ ಹಿಡಿದು ನೆಕ್ಕಿದರು. ಮುಖ ಹಿಂಡಿಕೊಂಡು ಮಗನ ಕಡೆ ತಿರುಗಿದರು.

"ಥೂ, ಹುಳಿ ಕಣ್ಲಾ! ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕ್ದಲ್ಲ, ಬಿರುಕು ಬುಟ್ಟಿರೋ ಕಾಯಿನೂ ಸೇರಿಸಿ ತುಂಬಿದೀಯ. ಅವು ಸೋರ್ತಾ ಅವೆ. ಮಳೆ ನೀರು ಹುಳಿ ಇರ್ತದೇನ್ರೀ, ಮೇಷ್ಟ್ರೇ?"

ಅಟ್ಟ ಹತ್ತಿ ನೋಡಿದೆವು. ನನ್ನ ಮೇಜಿನ ನೇರಕ್ಕೇ ಒಡಕು ಕಾಯಿಗಳ ರಾಶಿ ಕೊಳೆಯುತ್ತಿತ್ತು.

ಮರುದಿನ ಏಳನೇ ತರಗತಿಗೆ ನೀರಿನ ಗುಣಗಳ ಪಾಠವಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಬೋರ್ಡಿನ ಮೇಲೆ ಸರಾಗವಾಗಿ ಬರೆದೆ. ರುಚಿಯಿಲ್ಲ ಎಂದು ಬರೆಯಲು ಹೋದಾಗ ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು.