ಮರಗಪ್ಪೆಗಳ ತೊಟ್ಟಿಗೆ ಹಾಕಿದ ಎಣ್ಣೆ

2011ರ ಮಳೆಗಾಲದಲ್ಲಿ ನಾನು ನೆರೂಳದಲ್ಲಿ ನಗರಪಾಲಿಕೆಯ ಸೊಳ್ಳೆ ನಿಯಂತ್ರಣದ ಮೇಲ್ವಿಚಾರಕನಾಗಿದ್ದೆ. ಅಲ್ಲಿನ ಒಂದು ಫ್ಲ್ಯಾಟುಗಳ ಸೊಸೈಟಿಯಲ್ಲಿ ಎರಡು ವಾರದೊಳಗೆ ನಾಲ್ವರಿಗೆ ಡೆಂಗ್ಯೂ ಬಂದಿತ್ತು. ನಾಲ್ಕನೆಯವಳು ಎಂಟು ವರ್ಷದ ಹುಡುಗಿ. ಅವಳು ಐಸಿಯುವಿನಲ್ಲಿದ್ದಳು.

ಬೆಳಿಗ್ಗೆ ನಾನು ಹೋದ ಕೂಡಲೇ ಜನ ನನ್ನನ್ನು ಕಟ್ಟಡದ ಹಿಂದಿನ ಹಳೆಯ ಸಿಮೆಂಟ್ ತೊಟ್ಟಿಯ ಹತ್ತಿರ ಕರೆದೊಯ್ದರು. ತೊಟ್ಟಿಯಲ್ಲಿ ಅರ್ಧದಷ್ಟು ಮಳೆನೀರಿತ್ತು. ನೀರಿನ ಮೇಲಿನ ಗೋಡೆಗೆ ಸೋಪಿನ ನೊರೆಯಂಥ ಬಿಳಿ ಮುದ್ದೆಗಳು ಅಂಟಿದ್ದವು. ಸೊಳ್ಳೆ ಹುಟ್ಟುವುದು ಇಲ್ಲೇ, ಈಗಲೇ ಎಣ್ಣೆ ಹಾಕಿಸಿ ಎಂದು ಎಲ್ಲರೂ ಒತ್ತಾಯಿಸಿದರು.

ನೆಲಮಹಡಿಯ ಸಾವಿತ್ರಿ ಟೀಚರ್ ಅಡ್ಡ ಬಂದರು. ಉಡುಪಿ ಕಡೆಯವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು.

“ಅದು ಮರಗಪ್ಪೆಯ ಗೂಡು ಮಾರಾಯ್ರೆ. ನೊರೆಯೊಳಗೆ ಮೊಟ್ಟೆ ಉಂಟು, ಮರಿಗಳು ಈ ನೀರಿಗೇ ಬೀಳ್ತವೆ. ಸುತ್ತ ಎಲ್ಲ ಕಾಂಕ್ರೀಟ್ ಆಯ್ತು, ಇವಕ್ಕೆ ಬೇರೆ ಜಾಗ ಎಲ್ಲುಂಟು? ನೀವು ನೀರು ನೋಡಿದ್ರಾ?”

ಉದ್ದ ಹಿಡಿಕೆಯ ಸೌಟಿನಲ್ಲಿ ನೀರೆತ್ತಿ, ಸೊಳ್ಳೆಮರಿ ಕಂಡರೆ ಮಾತ್ರ ಲಾರ್ವಾ ನಾಶಕ ಎಣ್ಣೆ ಹಾಕಬೇಕೆಂಬುದು ನಮ್ಮ ನಿಯಮ. ಆ ಸೌಟಿಗೆ ಡಿಪ್ಪರ್ ಎನ್ನುತ್ತಿದ್ದೆವು. ನಾನು ಅದನ್ನು ಚೀಲದಿಂದ ತೆಗೆದೇ ಇರಲಿಲ್ಲ. ಅಷ್ಟರಲ್ಲಿ ಹುಡುಗಿಯ ತಂದೆ, ಹೋಟೆಲ್ ಕ್ಯಾಶಿಯರ್ ರಮೇಶ, ಮುಂದೆ ಬಂದರು.

“ಸರ್, ಮಗಳ ಪ್ಲೇಟ್‌ಲೆಟ್ ಇಳೀತಾ ಉಂಟು. ನಿಮಗೆ ಕಪ್ಪೆ ದೊಡ್ಡದಾ?”

ಟೀಚರ ಮುಖ ನೋಡದೆ, “ನೀರು ನೋಡಿದ್ದೇನೆ” ಎಂದೆ. ಎಣ್ಣೆ ಹಾಕಿಸಿದೆ. ಜನರಿಗೆ ಸಮಾಧಾನವಾಯಿತು.

ಮಧ್ಯಾಹ್ನ ಮನೆಮನೆ ತಪಾಸಣೆ ಮಾಡಿದೆವು. ಮೂರು ಮನೆಗಳ ಹೂಕುಂಡದ ತಟ್ಟೆಗಳಲ್ಲಿ ಸೊಳ್ಳೆಮರಿಗಳಿದ್ದವು. ರಮೇಶರ ಮನೆಯ ಫ್ರಿಜ್ ಹಿಂದಿನ ಟ್ರೇಯಲ್ಲಂತೂ ಕಿಕ್ಕಿರಿದಿದ್ದವು. ಅವರು ನನ್ನನ್ನು ಬದಿಗೆ ಕರೆದರು. “ಅವಳ ಅಮ್ಮನಿಗೆ ಮಾತ್ರ ಹೇಳ್ಬೇಡಿ ಸರ್” ಎಂದರು. ನಾನೇ ಟ್ರೇ ತೊಳೆದಿಟ್ಟೆ.

ಆಮೇಲೆ ತೊಟ್ಟಿಗೆ ಹೋಗಿ ಡಿಪ್ಪರ್ ಹಾಕಿದೆ. ಹನ್ನೊಂದು ಸಲ ಎತ್ತಿದೆ. ಸತ್ತ ಸೊಳ್ಳೆಮರಿ ಒಂದೂ ಸಿಗಲಿಲ್ಲ. ಕಪ್ಪೆಮರಿಗಳು ಮಾತ್ರ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಟೀಚರ ಬಾಗಿಲು ತಟ್ಟಿ, ಬೆಳಿಗ್ಗೆ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡೆ. ಅವರು ನನ್ನ ಕೈಯಲ್ಲಿದ್ದ ಡಿಪ್ಪರ್ ನೋಡಿದರು.

“ಐದು ನಿಮಿಷದ ಕೆಲಸ ಅಲ್ವಾ? ಜನ ಬೈದಿದ್ರೆ ನಾನೂ ನಿಮ್ಮೊಟ್ಟಿಗೆ ನಿಲ್ತಿದ್ದೆ.”

ಆರನೆಯ ದಿನ ಹುಡುಗಿ ಮನೆಗೆ ಬಂದಳು. ಎಣ್ಣೆ ಹಾಕಿದ್ದರಿಂದಲೇ ರೋಗ ನಿಂತಿತೆಂದು ಸೊಸೈಟಿಯವರು ನನ್ನನ್ನು ಹೊಗಳಿದರು. ತೊಟ್ಟಿಗೆ ಕಲ್ಲುಮಣ್ಣು ತುಂಬಿಸಿದರು. ನಾನು ವರದಿಯಲ್ಲಿ ನಿಜವನ್ನೇ ಬರೆದೆ. ಆದರೆ ಅದನ್ನು ಸೊಸೈಟಿಯಲ್ಲಿ ಯಾರೂ ಓದಲಿಲ್ಲ, ನಾನೂ ಓದಿ ಹೇಳಲಿಲ್ಲ.

ಹೆದರಿದವರ ಎದುರು ಏನನ್ನಾದರೂ ಮಾಡಿ ತೋರಿಸುವುದು ಸುಲಭ. ಅವರ ಸಿಟ್ಟು ಸಹಿಸಿಕೊಂಡು ಮೊದಲು ಸರಿಯಾಗಿ ನೋಡುವುದೇ ನನ್ನ ಕೆಲಸವಾಗಿತ್ತು ಎಂಬುದು ಅಂದು ತಿಳಿಯಿತು. ತಿಳಿಯುವಷ್ಟರಲ್ಲಿ ತಡವಾಗಿತ್ತು.